ಜೂನಿಪರ್ ಚಳಿಯಲ್ಲೇ ಇರಲಿ

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿಯಿತು. ಅರೇಬಿಕಾ ಕಾಫಿ ಕುಯ್ಲು ಜೋರಾಗಿದೆ. ಬೆಳಿಗ್ಗೆ ಎಂಟಾದರೂ ಮಂಜು ಕರಗುವುದಿಲ್ಲ. ಈ ದಿನಗಳಲ್ಲಿ ಬೋನ್ಸಾಯ್, ಅಂದರೆ ಕುಂಡದಲ್ಲಿ ಕುಬ್ಜ ಮರ ಬೆಳೆಸುವ ಗೆಳೆಯರು ನನ್ನನ್ನು ಕೇಳುವುದು ಒಂದೇ ಮಾತು. "ಜೂನಿಪರ್ ಗಿಡವನ್ನು ಒಳಗೆ ತಂದಿಡಲಾ?"

ಬೇಡ. ದಯವಿಟ್ಟು ತರಬೇಡಿ.

ನನ್ನ ಮೊದಲ ಜೂನಿಪರನ್ನು ಒಂದು ಡಿಸೆಂಬರಿನಲ್ಲಿ ಅಡುಗೆಮನೆ ಕಿಟಕಿಯ ಪಕ್ಕ ಇಟ್ಟಿದ್ದೆ. ಒಲೆಯ ಶಾಖಕ್ಕೆ ಬೆಚ್ಚಗಿರಲಿ ಅಂತ. ಒಂದು ತಿಂಗಳು ಹಸಿರಾಗಿಯೇ ಇತ್ತು. ಆಮೇಲೆ ಒಂದು ದಿನ ಮುಟ್ಟಿದರೆ ಎಲೆ ಪುಡಿಪುಡಿಯಾಗಿ ಉದುರಿತು. ಈ ಗಿಡ ಹಾಗೇ. ಬೇರು ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರು. ನಮಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಏಳು ವರ್ಷ ಸಾಕಿದ ಗಿಡ ಅದು. ಇಂದಿಗೂ ನೆನೆದರೆ ಸಂಕಟವಾಗುತ್ತದೆ.

ಜಪಾನಿನಲ್ಲಿ, ಚೀನಾದಲ್ಲಿ ಹಿಮ ಬೀಳುವ ಗುಡ್ಡಗಳಲ್ಲಿ ಬೆಳೆಯುವ ಮರ ಇದು. ಚಳಿಗಾಲ ಅದಕ್ಕೆ ನಿದ್ದೆಯ ಕಾಲ. ಮನೆಯೊಳಗೆ ಬೆಳಕು ಸಾಲದು, ನಿದ್ದೆಯೂ ಇಲ್ಲ. ಹಿಮದ ನಾಡಿನವರು ಕುಂಡವನ್ನು ಮಣ್ಣಲ್ಲಿ ಹೂತು, ಮೇಲೆ ತರಗೆಲೆ ಮುಚ್ಚುತ್ತಾರೆ. ತೆಳುವಾದ ಕುಂಡದಲ್ಲಿ ಬೇರಿಗೆ ಚಳಿ ಬೇಗ ತಾಗುತ್ತದಲ್ವಾ? ಮಣ್ಣು ಹೆಪ್ಪುಗಟ್ಟಿದರೆ ಬೇರು ನೀರು ಎಳೆಯಲಾರದು. ಮೇಲೆ ಬಿಸಿಲು, ಗಾಳಿ ಎಲೆಯನ್ನು ಒಣಗಿಸುತ್ತಲೇ ಇರುತ್ತವೆ. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದ್ದರೂ ಕುಂಡದ ಮಣ್ಣು ಗಟ್ಟಿಯಾಗುವಂಥ ಚಳಿ ನಮಗಿಲ್ಲ. ಹಾಗಾಗಿ ಹೂಳುವ ಕೆಲಸ ಇಲ್ಲಿ ಬೇಡ.

ನಮ್ಮಲ್ಲಿ ಗಿಡ ಕೆಡುವುದು ನೀರಿನ ವಿಷಯದಲ್ಲಿ. ಬೆಳಿಗ್ಗೆ ಎಲೆಯ ಮೇಲೆ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ಅದನ್ನು ನೋಡಿ ನೀರು ಸಾಕು ಅಂದುಕೊಳ್ಳುತ್ತೇವೆ. ಒಳಗೆ ಮಣ್ಣು ಒಣಗಿರುತ್ತದೆ. ಮಧ್ಯಾಹ್ನದ ಬಿಸಿಲು ಚುರುಕು, ಜೊತೆಗೆ ಒಣ ಮೂಡಲ ಗಾಳಿ. ಒಂದು ಸಣ್ಣ ಮರದ ಕಡ್ಡಿಯನ್ನು ಮಣ್ಣಿಗೆ ಚುಚ್ಚಿಡಿ. ದಿನಾ ಎಳೆದು ನೋಡಿ. ತೇವವಿದ್ದರೆ ಬಿಡಿ. ಒಣಗುತ್ತಾ ಬಂದಿದ್ದರೆ ಕುಂಡದ ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಿ. ಬೆಳಿಗ್ಗೆ ಹಾಕುವುದು ಒಳ್ಳೆಯದು. ಸುಮ್ನೆ ದಿನಾ ಒಂದೊಂದು ಲೋಟ ಸುರಿದರೆ ಬೇರು ಕೊಳೆಯುತ್ತದೆ.

ಇನ್ನು ಅಕಾಲ ಮಳೆ. ಕಣದಲ್ಲಿ ಹರವಿದ ಕಾಫಿಗೆ ಟಾರ್ಪಾಲು ಹೊದಿಸಲು ಓಡುತ್ತೀರಲ್ಲ, ಆಗ ಈ ಗಿಡವನ್ನೂ ನೆನೆಯಿರಿ. ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿ. ನಿಂತ ನೀರು ಇಳಿದುಹೋಗುತ್ತದೆ. ನಾನು ಪ್ರತಿ ವರ್ಷ ಹೀಗೇ ಮಾಡುತ್ತೇನೆ.

ಚಳಿಗೆ ಎಲೆ ಸ್ವಲ್ಪ ಕಂದು, ನೇರಳೆ ಬಣ್ಣಕ್ಕೆ ತಿರುಗಬಹುದು. ಗಾಬರಿ ಬೇಡ, ಬೇಸಿಗೆಗೆ ಮತ್ತೆ ಹಸಿರಾಗುತ್ತದೆ. ಅನುಮಾನವಿದ್ದರೆ ಒಂದು ಚಿಕ್ಕ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಆ ರೆಂಬೆಗೆ ಜೀವ ಇದೆ. ಎಲೆ ಬೂದಿ ಬಡಿದಂತೆ ಮಂಕಾದರೆ ಮಾತ್ರ ನುಸಿ ಇದೆಯಾ ನೋಡಬೇಕು. ಕೆಳಗೆ ಬಿಳಿ ಕಾಗದ ಹಿಡಿದು ರೆಂಬೆ ತಟ್ಟಿ. ಚುಕ್ಕಿಗಳು ಓಡಾಡಿದರೆ ಎಲೆಯ ಅಡಿಗೂ ತಾಗುವಂತೆ ಕೆಲವು ದಿನ ಜೋರಾಗಿ ನೀರು ಸಿಂಪಡಿಸಿ.

ಗೊಬ್ಬರ ಈಗ ಬೇಡ. ಕುಂಡ ಬದಲಾಯಿಸುವುದೂ ಬೇಡ. ಚಳಿಯಲ್ಲಿ ರೆಂಬೆ ಪೆಡಸಾಗಿರುತ್ತದೆ, ತಂತಿ ಸುತ್ತಿ ಜಾಸ್ತಿ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಕುಂಡ ತೋಟದ ಸಿಲ್ವರ್ ಓಕ್ ಮರದ ನೆರಳಿನಲ್ಲಿದ್ದರೆ ಎತ್ತಿ ಬಿಸಿಲಿಗಿಡಿ. ಇಷ್ಟನ್ನು ಈ ವಾರವೇ ಮಾಡಿ.

ಚಳಿ ಇಳಿದು, ರೆಂಬೆಯ ತುದಿಯಲ್ಲಿ ತಿಳಿಹಸಿರು ಚಿಗುರು ಕಂಡಾಗ ಕುಂಡ ಬದಲಿಸುವ ಮಾತಾಡೋಣ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಹೊತ್ತಿಗೆ ಆ ಚಿಗುರೂ ಬರುತ್ತದೆ.

ನಮಸ್ಕಾರ.