ನಾಲ್ವರಲ್ಲಿ ಒಬ್ಬರಾಗಿಯೇ ಉಳಿದ ಲೀವೈ ಸ್ಟಬ್ಸ್ | ಡೆಟ್ರಾಯಿಟ್ ವ್ಲಾಗ್

ನಮಸ್ಕಾರ ಎಲ್ಲರಿಗೂ. ಇದು ಡೆಟ್ರಾಯಿಟ್, ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್, ನಂಬರ್ 2648. ಗಾಳಿ ಎಷ್ಟಿತ್ತು ಅಂದ್ರೆ ಅಲ್ಲಿ ಮಾತಾಡಿದ್ದು ಒಂದೂ ಕೇಳಿಸುತ್ತಿಲ್ಲ. ಅದಕ್ಕೇ ಮನೆಗೆ ಬಂದು ದನಿ ಸೇರಿಸುತ್ತಿದ್ದೇನೆ. ಮುಂದೆ ಕಾಣುತ್ತಿರುವ ಬೋರ್ಡ್ ಓದಿಕೊಳ್ಳಿ, ಹಿಟ್ಸ್‌ವಿಲ್ ಯು.ಎಸ್.ಎ. 1959ರಲ್ಲಿ ಬೆರಿ ಗೋರ್ಡಿ ಮನೆಯವರಿಂದ 800 ಡಾಲರ್ ಸಾಲ ತಗೊಂಡು ಶುರು ಮಾಡಿದ ಮೋಟೌನ್ ರೆಕಾರ್ಡ್ ಕಂಪನಿ ಇದೇ ಮನೆಯಲ್ಲಿತ್ತು. ಇಷ್ಟು ಸಣ್ಣ ಮನೆ. ಸ್ಟುಡಿಯೊ ಒಳಗೇ ಇದೆ.

ಜನ ಇಲ್ಲಿಗೆ ಬರುವುದು ಮೈಕಲ್ ಜಾಕ್ಸನ್, ಡಯಾನಾ ರಾಸ್ ಅಂತ. ನಾನು ಬಂದದ್ದು ಲೀವೈ ಸ್ಟಬ್ಸ್‌ಗಾಗಿ. ಫೋರ್ ಟಾಪ್ಸ್ ತಂಡದ ಮುಖ್ಯ ಗಾಯಕ. ರಿದಮ್ ಅಂಡ್ ಬ್ಲೂಸ್, ಅಂದ್ರೆ ಕಪ್ಪು ಅಮೆರಿಕನ್ನರ ಜನಪ್ರಿಯ ಸಂಗೀತ, ಹಾಡಿದವರಲ್ಲಿ ಇವರಷ್ಟು ದೊಡ್ಡ ದನಿ ಇನ್ನೊಬ್ಬರದ್ದಿಲ್ಲ. ಹ್ಞಾಂ, ಟೆಂಪ್ಟೇಶನ್ಸ್ ತಂಡದ ಡೇವಿಡ್ ರಫಿನ್ ಇದ್ದಾರೆ. ಸರಿ, ಇಬ್ಬರು ಅಂತ ಇಟ್ಟುಕೊಳ್ಳಿ.

ಕಾರಿನ ಶಾಟ್ ಉದ್ದ ಇದೆ, ಅಷ್ಟರಲ್ಲಿ ಕಥೆ ಹೇಳಿಬಿಡುತ್ತೇನೆ. ಲೀವೈ ಹುಟ್ಟಿದ್ದು 1936ರಲ್ಲಿ, ಇದೇ ಊರಲ್ಲಿ. ಪರ್ಷಿಂಗ್ ಹೈಸ್ಕೂಲ್‌ನಲ್ಲಿ ಅಬ್ದುಲ್ ಫಕೀರ್ ಜೊತೆಗಾರ. ಅಬ್ದುಲ್ ಅವರನ್ನು ಎಲ್ಲರೂ ಡ್ಯೂಕ್ ಅಂತಲೇ ಕರೆಯುತ್ತಿದ್ದರು. ಡ್ಯೂಕ್ ಅವರ ತಂದೆ ಈಗಿನ ಬಾಂಗ್ಲಾದೇಶದ ಕಡೆಯವರು, ಇಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿದ್ದರು. ನಮ್ಮ ಕಡೆಯ ಹೆಸರು ಮೋಟೌನ್ ಫೋಟೊದಲ್ಲಿ ಹೇಗೆ ಬಂತು ಅಂತ ಕೇಳುವವರಿಗೆ ಇದೇ ಉತ್ತರ. ಇನ್ನಿಬ್ಬರು ಓಬಿ ಬೆನ್ಸನ್, ಲಾರೆನ್ಸ್ ಪೇಟನ್. 1950ರ ದಶಕದ ಮೊದಲಲ್ಲಿ ನಾಲ್ವರೂ ಸೇರಿದರು. ಮೊದಲ ಹೆಸರು ಫೋರ್ ಏಮ್ಸ್. ಏಮ್ಸ್ ಬ್ರದರ್ಸ್ ಅಂತ ಇನ್ನೊಂದು ತಂಡ ಇತ್ತು, ಗೊಂದಲ ಬೇಡ ಅಂತ ಫೋರ್ ಟಾಪ್ಸ್ ಆಯಿತು. 1956ರಲ್ಲಿ ಚೆಸ್ ಕಂಪನಿಗೆ ಒಂದು ರೆಕಾರ್ಡ್ ಮಾಡಿದರು, ಓಡಲಿಲ್ಲ. ಮತ್ತೆ ಎರಡು ಮೂರು ಕಂಪನಿ, ಅಲ್ಲೂ ಓಡಲಿಲ್ಲ. ಕ್ಲಬ್‌ಗಳಲ್ಲಿ ಜಾಝ್ ಹಾಡಿಕೊಂಡು ಹೊಟ್ಟೆ ಹೊರೆದರು. 1963ರಲ್ಲಿ ಮೋಟೌನ್‌ಗೆ ಬಂದರು, 1964ರಲ್ಲಿ ಮೊದಲ ಹಿಟ್. ಹತ್ತು ವರ್ಷ! ಇಷ್ಟು ಹೊತ್ತಿಗೆ ಬೇರೆ ಯಾವ ತಂಡವಾದರೂ ಜಗಳ ಆಡಿ ಚದುರಿಹೋಗುತ್ತಿತ್ತು ಅಲ್ವಾ?

ಈ ಅಂಗಡಿ ಶಾಟ್ ಬಂತು ನೋಡಿ. ಹಳೇ ರೆಕಾರ್ಡ್ ಅಂಗಡಿ, ಹೆಸರು ಬೇಡ. ನನಗೆ ಬೇಕಿದ್ದದ್ದು ಫೋರ್ ಟಾಪ್ಸ್ ಹಾಡಿದ 1967ರ ‘ರೀಚ್ ಔಟ್’ ಎಲ್‌ಪಿ, ಅಂದ್ರೆ ಉದ್ದ ಓಡುವ ತಟ್ಟೆ ರೆಕಾರ್ಡ್. ಸಿಕ್ಕಿತು. ಬೆಲೆ 35 ಡಾಲರ್, ಅಂದ್ರೆ ಸುಮಾರು 3,000 ರೂಪಾಯಿ. ಕವರ್ ಅಂಚು ಸವೆದು ಒಳಗಿನ ರಟ್ಟು ಕಾಣುತ್ತಿತ್ತು, ಪರವಾಗಿಲ್ಲ, 1967ರದ್ದು. ಸುತ್ತ ಪ್ಲಾಸ್ಟಿಕ್ ಹಾಕಿ ಟೇಪ್ ಅಂಟಿಸಿದ್ದರು. ಬಿಚ್ಚಿ ತೋರಿಸಿ ಅಂದೆ. ಕೊಂಡ ಮೇಲೇ ಬಿಚ್ಚುವುದು ಅಂದರು. ಮನೆಗೆ ಬಂದು ಬಿಚ್ಚಿದರೆ ಒಳಗೆ ಯಾವುದೋ ಕ್ರಿಸ್‌ಮಸ್ ಹಾಡುಗಳ ರೆಕಾರ್ಡ್! ಮಧ್ಯದ ಲೇಬಲ್ ನೋಡಿ, ಹತ್ತಿರದಿಂದ ತೋರಿಸುತ್ತಿದ್ದೇನೆ. ಲೇಬಲ್ ಬೇರೆ, ಕಂಪನಿ ಬೇರೆ. ಮತ್ತೆ ಅಷ್ಟು ದೂರ ಡ್ರೈವ್ ಮಾಡಿ ವಾಪಸ್ ಹೋದೆ. ದುಡ್ಡು ಕೊಡುವುದಿಲ್ಲ, ಬೇಕಾದರೆ 20 ಡಾಲರಿಗೆ ಬೇರೆ ಏನಾದರೂ ತಗೊಳ್ಳಿ ಅಂದರು. ತಪ್ಪು ಮಾಲು ಕೊಟ್ಟವರು ಅವರು, 15 ಡಾಲರ್ ನನ್ನದು ಹೋಗಬೇಕಾ? ಬೆಲೆ ಚೀಟಿ ಅಂಟಿಸುವಾಗ ಒಳಗೆ ಒಮ್ಮೆ ಇಣುಕಿ ನೋಡಿದ್ದರೆ ಸಾಕಿತ್ತು. ದುಡ್ಡಿಗಿಂತ ಹೆಚ್ಚು ಸಿಟ್ಟು ಬಂದದ್ದು ‘ಹಳೇ ಮಾಲು ಅಂದ್ರೆ ಹಾಗೇ’ ಅಂದ ಮಾತಿಗೆ. ಈ ಹಾಡುಗಳು ಯಾರಿಗೋ ಜೀವ. ಹಾಗೆ ಮಾತಾಡಬಾರದು.

ಇರಲಿ. ಫೋನಿನಲ್ಲೇ ಹಾಕಿದೆ. ‘ಬರ್ನಡೆಟ್’ ಹಾಡು, 1967ರದ್ದು. ಕೊನೆ ಹತ್ತಿರ ವಾದ್ಯ ಎಲ್ಲ ಒಮ್ಮೆಗೇ ನಿಲ್ಲುತ್ತದೆ. ಹಾಡು ಮುಗಿಯಿತು ಅಂದುಕೊಳ್ಳುತ್ತೀರಿ. ಆಗ ಲೀವೈ ಆ ಹೆಸರನ್ನು ಕೂಗುತ್ತಾರೆ, ನಡುರಾತ್ರಿ ಬಾಗಿಲು ಬಡಿದು ಕರೆದ ಹಾಗೆ. ಮತ್ತೆ ಹಾಡು ಎದ್ದು ನಿಲ್ಲುತ್ತದೆ. ಕೆಳಗೆ ಜೇಮ್ಸ್ ಜೇಮರ್ಸನ್ ಬಾಸ್ ಗಿಟಾರ್ ಒಂದು ಕ್ಷಣ ಸುಮ್ನೆ ಕೂರುವುದಿಲ್ಲ. ಲೀವೈ ಅವರದ್ದು ಬ್ಯಾರಿಟೋನ್ ದನಿ, ಅಂದ್ರೆ ತೀರ ಮೇಲೆ ಹೋಗದ ನಡುವಿನ ಸ್ಥಾಯಿ. ಹಾಡು ಮಾಡುತ್ತಿದ್ದ ಹಾಲಂಡ್ ಅಣ್ಣತಮ್ಮಂದಿರು, ಡೋಝಿಯರ್, ಈ ಮೂವರೂ ಬೇಕಂತಲೇ ಶ್ರುತಿ ಮೇಲಕ್ಕೆ ಇಡುತ್ತಿದ್ದರು. ಎಟುಕದ ಕಡೆ ಗಂಟಲು ಎಳೆಯಲೇಬೇಕು. ಆ ಎಳೆತದಲ್ಲೇ ಇರುವುದು ಎಲ್ಲ. ಹಿಂದೆ ಕೇಳಿಸುವ ಹೆಣ್ಣುದನಿಗಳು ಆಂಡಾಂಟೀಸ್ ಅಂತ ಮೂವರದ್ದು, ಕವರ್ ಮೇಲೆ ಅವರ ಹೆಸರೇ ಇರುತ್ತಿರಲಿಲ್ಲ. ಅದು ಅನ್ಯಾಯ.

ನಾನು ಹೇಳಬೇಕಿದ್ದ ಮುಖ್ಯ ಮಾತು ಇದು. ಅದೇ 1967ರಲ್ಲಿ ಮೋಟೌನ್‌ನಲ್ಲಿ ತಂಡಗಳ ಹೆಸರುಗಳು ಬದಲಾಗುತ್ತಿದ್ದವು, ಮುಖ್ಯ ಗಾಯಕರ ಹೆಸರು ಮುಂದೆ ಬರುತ್ತಿತ್ತು. ಸುಪ್ರೀಮ್ಸ್ ಹೋಗಿ ‘ಡಯಾನಾ ರಾಸ್ ಅಂಡ್ ದಿ ಸುಪ್ರೀಮ್ಸ್’ ಆಯಿತು. ಮಿರಕಲ್ಸ್ ಮುಂದೆ ಸ್ಮೋಕಿ ರಾಬಿನ್ಸನ್ ಹೆಸರು ಬಂತು. ಲೀವೈ ಮಾತ್ರ ತಮ್ಮ ಹೆಸರು ಮುಂದೆ ಹಾಕಿಸಿಕೊಳ್ಳಲಿಲ್ಲ. ಒಬ್ಬರೇ ಹಾಡಿ ಅಂತ ಕರೆದವರಿದ್ದರು, ತಂಡ ಬಿಟ್ಟು ಹೋಗಲಿಲ್ಲ. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟಾಗ ಇವರು ಕಂಪನಿಯನ್ನೇ ಬಿಟ್ಟರು, ಒಬ್ಬರನ್ನೊಬ್ಬರು ಬಿಡಲಿಲ್ಲ. 1997ರಲ್ಲಿ ಲಾರೆನ್ಸ್ ತೀರಿಕೊಳ್ಳುವವರೆಗೆ ಅದೇ ನಾಲ್ವರು. ನಲವತ್ತು ವರ್ಷಕ್ಕೂ ಜಾಸ್ತಿ! ಒಬ್ಬರೇ ಹೋಗಿದ್ದರೆ ಇನ್ನೂ ದೊಡ್ಡ ಹೆಸರಾಗುತ್ತಿತ್ತು ಅಂತ ಮೊದಲು ನನಗೂ ಅನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಆ ಕೂಗಿಗೆ ಹಿಂದಿನಿಂದ ಉತ್ತರ ಕೊಡುವ ದನಿಗಳು ಬೇಕೇ ಬೇಕು.

ಮೋಟೌನ್ ಬಿಟ್ಟ ಮೇಲಿನ ಹಾಡುಗಳು ಸಪ್ಪೆ. ಇಲ್ಲ, 1981ರ ‘ವೆನ್ ಶಿ ವಾಸ್ ಮೈ ಗರ್ಲ್’ ಚೆನ್ನಾಗಿದೆ, ಮಾತು ವಾಪಸ್. ಆಮೇಲೆ 1986ರಲ್ಲಿ ‘ಲಿಟಲ್ ಶಾಪ್ ಆಫ್ ಹಾರರ್ಸ್’ ಸಿನಿಮಾದಲ್ಲಿ ಮನುಷ್ಯರನ್ನು ತಿನ್ನುವ ಗಿಡಕ್ಕೆ ದನಿ ಕೊಟ್ಟವರೂ ಇವರೇ. ಮಕ್ಕಳಿಗೆ ತೋರಿಸಿ, ದನಿ ಗೊತ್ತಾಗುತ್ತದೆ. 1990ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ. ನಂತರ ಲೀವೈಗೆ ಕ್ಯಾನ್ಸರ್, ಪಾರ್ಶ್ವವಾಯು. 2004ರಲ್ಲಿ ತಂಡಕ್ಕೆ 50 ವರ್ಷ ತುಂಬಿದ ಕಾರ್ಯಕ್ರಮಕ್ಕೆ ಗಾಲಿಕುರ್ಚಿಯಲ್ಲೇ ಬಂದರು. 2008ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಇದೇ ಡೆಟ್ರಾಯಿಟ್‌ನಲ್ಲಿ. ಕೊನೆಯವರಾಗಿ ಉಳಿದಿದ್ದ ಡ್ಯೂಕ್ ಹೋಗಿದ್ದು 2024ರಲ್ಲಿ.

ಓಬಿ ಬೆನ್ಸನ್ ಬಗ್ಗೆ ಹೇಳಲೇ ಇಲ್ಲ. ಮಾರ್ವಿನ್ ಗೇ ಹಾಡಿದ ‘ವಾಟ್ಸ್ ಗೋಯಿಂಗ್ ಆನ್’ ಬರೆದವರಲ್ಲಿ ಅವರೂ ಒಬ್ಬರು. ಆ ಹಾಡು ಮೊದಲು ಟಾಪ್ಸ್‌ಗೇ ಬಂದಿತ್ತು, ಇದು ಪ್ರತಿಭಟನೆಯ ಹಾಡು ಅಂತ ಇವರು ಬೇಡ ಅಂದರು. ಅಯ್ಯೋ, ಕ್ಲಿಪ್ ಮುಗೀತಾ ಬಂತು. ಓಬಿಗೆ ಬೇರೆ ವಿಡಿಯೊನೇ ಮಾಡುತ್ತೇನೆ. ‘ರೀಚ್ ಔಟ್’ ಎಲ್‌ಪಿಯ ಮೋನೊ (ಸ್ಟೀರಿಯೊ ಅಲ್ಲದ) ಕಾಪಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಒಳಗಿನ ರೆಕಾರ್ಡ್‌ನ ಫೋಟೊ ಮೊದಲು ಕಳಿಸಿ.