ಬೆಚ್ಚಗಿನ ಕನ್ನಡಿಗಳನ್ನು ಮೊದಲು ಎಣಿಸಿ

ನಮಸ್ಕಾರ. ನೆಲದ ಮೇಲಿನಿಂದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಆಕಾಶವನ್ನು ನೋಡುವ ದೂರದರ್ಶಕವನ್ನು ಮೊದಲು ಕಟ್ಟಿ ಮುಗಿಸಿ, ಗಾಳಿಯಿಂದಾಗುವ ಮಸುಕನ್ನು ತಿದ್ದುವ ಅಡಾಪ್ಟಿವ್ ಆಪ್ಟಿಕ್ಸ್ ವ್ಯವಸ್ಥೆಯನ್ನು ಆಮೇಲೆ ಜೋಡಿಸಿಕೊಂಡರಾಯಿತು ಎಂಬ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಅದು ಮೊದಲ ನಕ್ಷೆಯಲ್ಲೇ ಇರಬೇಕು.

ವಾತಾವರಣವನ್ನು ಹಾದು ಬರುವಾಗ ಸುಕ್ಕುಗಟ್ಟಿದ ಬೆಳಕಿನ ಅಲೆಯನ್ನು ಅಳೆದು, ಆ ಸುಕ್ಕು ಬಿಡುವಂತೆ ಕನ್ನಡಿಯ ಆಕಾರವನ್ನೇ ಕ್ಷಣಕ್ಷಣವೂ ಬದಲಿಸುವ ಈ ಉಪಾಯವನ್ನು ಅಮೆರಿಕದ ಖಗೋಳವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ 1953ರಲ್ಲೇ ಸೂಚಿಸಿದ್ದರು. ಅವಕೆಂಪಿನಲ್ಲಿ ಈ ತಿದ್ದುವಿಕೆ ಸುಲಭ. ಗೋಚರ ಬೆಳಕಿನ ಅಲೆ ಒಳ್ಳೆಯ ತಾಣದಲ್ಲಿಯೂ ಸುಮಾರು 15 ಸೆಂಟಿಮೀಟರ್ ಅಗಲದವರೆಗೆ ಮಾತ್ರ ಸಪಾಟಾಗಿ ಉಳಿದರೆ, 2.2 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತರಂಗಾಂತರದ ಅವಕೆಂಪಿನಲ್ಲಿ ಅದೇ ಗಾಳಿಯಲ್ಲಿ ಆ ಅಗಲ ಸುಮಾರು 90 ಸೆಂಟಿಮೀಟರ್ ಆಗುತ್ತದೆ. ಅಷ್ಟಗಲದ ಒಂದೊಂದು ತುಂಡಿಗೂ ಸುಮಾರು ಒಂದರಂತೆ ಬೇಕಾಗುವ, ಕನ್ನಡಿಯನ್ನು ಹಿಂದಿನಿಂದ ತಳ್ಳಿ ಎಳೆಯುವ ಆಕ್ಚುಯೇಟರ್‌ಗಳ ಅಗತ್ಯ ಸುಮಾರು 35ರಲ್ಲೊಂದು ಪಾಲಿಗೆ ಇಳಿಯುತ್ತದೆ.

ನಿಜವಾದ ತೊಡಕು ಶಾಖದ್ದು. ನಮಗೆ ತಣ್ಣಗೆ ಕಾಣುವ ಕನ್ನಡಿಯೂ ಅವಕೆಂಪಿನಲ್ಲಿ ತಾನೇ ಹೊಳೆಯುತ್ತದೆ, ಅದರಲ್ಲೂ 10 ಮೈಕ್ರಾನ್ ಆಸುಪಾಸಿನಲ್ಲಿ ಹೆಚ್ಚಾಗಿ. ಆಮೇಲೆ ಜೋಡಿಸಿದ ವ್ಯವಸ್ಥೆ ಬೆಳಕಿನ ದಾರಿಗೆ ಇನ್ನಷ್ಟು ಕನ್ನಡಿಗಳನ್ನು ತರುತ್ತದೆ, ಮತ್ತು ಕೋಟಿಗಟ್ಟಲೆ ಕಿಲೋಮೀಟರ್ ದಾಟಿ ಬಂದ ಕ್ಷೀಣ ಬೆಳಕು ನಮ್ಮದೇ ಉಪಕರಣದ ಹೊಳಪಿನಲ್ಲಿ ಮುಳುಗಿಹೋಗುತ್ತದೆ.

ಅರಿಜೋನಾದ 6.5 ಮೀಟರ್ ಎಂಎಂಟಿ ದೂರದರ್ಶಕದಲ್ಲಿ 2002ರಲ್ಲಿ ಇದಕ್ಕೆ ಸೊಗಸಾದ ಉತ್ತರ ಸಿಕ್ಕಿತು. ಮುಖ್ಯ ಕನ್ನಡಿಯಿಂದ ಬಂದ ಬೆಳಕನ್ನು ಉಪಕರಣದತ್ತ ತಿರುಗಿಸಲು ಹೇಗೂ ಇರಲೇಬೇಕಾದ ಎರಡನೆಯ ಕನ್ನಡಿಯನ್ನೇ ಅಲ್ಲಿ ಬಾಗುವಂತೆ ಮಾಡಿದರು. 64 ಸೆಂಟಿಮೀಟರ್ ಅಗಲದ, ಬರೀ 2 ಮಿಲಿಮೀಟರ್ ದಪ್ಪದ ಗಾಜಿನ ಬೆನ್ನಿಗೆ 336 ಪುಟ್ಟ ಅಯಸ್ಕಾಂತಗಳನ್ನು ಅಂಟಿಸಿದ್ದಾರೆ. ಎದುರಿನ ತಂತಿಸುರುಳಿಗಳು ಅದನ್ನು ಮುಟ್ಟದೆಯೇ, ಕೂದಲೆಳೆಯಷ್ಟು ಅಂತರದಲ್ಲಿ ತೇಲಿಸಿ ಹಿಡಿದು ಬಾಗಿಸುತ್ತವೆ. ಹೆಚ್ಚುವರಿ ಕನ್ನಡಿ ಒಂದೂ ಇಲ್ಲ. ಚಿಲಿಯ ಪರನಾಲ್‌ನಲ್ಲಿ ವಿಎಲ್‌ಟಿ (ವೆರಿ ಲಾರ್ಜ್ ಟೆಲಿಸ್ಕೋಪ್) ಎಂಬ ದೂರದರ್ಶಕ ಸಮೂಹದ ನಾಲ್ಕನೆಯ ದೂರದರ್ಶಕವೂ ಇದೇ ತತ್ತ್ವದ ಮೇಲೆ, 1,170 ಆಕ್ಚುಯೇಟರ್‌ಗಳೊಂದಿಗೆ ನಡೆಯುತ್ತಿದೆ.

ಹೊಸಕೋಟೆಯಲ್ಲಿ ಕನ್ನಡಿ ತುಂಡುಗಳಿಗೆ ಹೊಳಪು ಕೊಡುವ ಸೌಲಭ್ಯ ಸಿದ್ಧವಾಗಿರುವುದು ಯಾವ ದೂರದರ್ಶಕಕ್ಕಾಗಿಯೋ, ಆ 30 ಮೀಟರ್‌ನ ಟಿಎಂಟಿಯ (ಥರ್ಟಿ ಮೀಟರ್ ಟೆಲಿಸ್ಕೋಪ್) ಯೋಜನೆ ಬೇರೆ ದಾರಿ ಹಿಡಿದಿದೆ: ತಿದ್ದುವ ವ್ಯವಸ್ಥೆಯನ್ನೇ ಪೂರ್ತಿಯಾಗಿ ಮೈನಸ್ 30 ಡಿಗ್ರಿಗೆ ತಂಪಾಗಿಸುವುದು. ಅದೂ ಮೊದಲೇ ಯೋಚಿಸಿದ ದಾರಿಯೇ ಆದ್ದರಿಂದ ನನಗೆ ಆಕ್ಷೇಪವಿಲ್ಲ.

ಲಡಾಖ್‌ನ ಹಾನ್ಲೆ, ಸುಮಾರು 4,500 ಮೀಟರ್ ಎತ್ತರದ ಶುಷ್ಕ, ಶೀತಲ ತಾಣ, ಅವಕೆಂಪಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ದೊಡ್ಡ ದೂರದರ್ಶಕವನ್ನು ರೂಪಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ಮುಖ್ಯ ಕನ್ನಡಿಯ ಗಾಜಿಗೆ ಆರ್ಡರ್ ಕೊಡುವ ಮುಂಚೆಯೇ ಎರಡನೆಯ ಕನ್ನಡಿ ಬಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸಿ.