ಸುತ್ತೋದು ಕುರಿ, ಮಾತ್ರೆ ನಾಯಿಗೆ

ಪುಣೆಯಿಂದ ದಿವೇ ಘಾಟ್ ಹತ್ತಿ ಸಾಸವಡ ಕಡೆ ಬಂದರೆ, ಕೊಯ್ಲಾದ ಹೊಲಗಳಲ್ಲಿ ಕುರಿ ಹಿಂಡು ಸಿಗುತ್ತವೆ. ಕಾಯುವವರು ಅಥಣಿ ಕಡೆಯ ಕುರುಬರು. ಮಾತು ಶುರುವಾಗಿದ್ದೇ ಕನ್ನಡದಲ್ಲಿ, ಹಾಗಾಗಿ ಚಹಾನೂ ಸಿಕ್ಕಿತು.

ಈ ಮರಿ ನೋಡಿ. ಎಡಕ್ಕೇ ಸುತ್ತುತ್ತಿದೆ, ತಲೆ ಓರೆ. ಹಿಂಡು ಮುಂದೆ ಹೋದರೂ ಇದಕ್ಕೆ ಗೊತ್ತಾಗುತ್ತಿಲ್ಲ. ಕುರಿ ಕಾಯುವ ಅಜ್ಜ ನನ್ನ ಹೆಬ್ಬೆರಳು ಹಿಡಿದು ಅದರ ತಲೆ ಮೇಲೆ ಇಡಿಸಿದರು. ಬುರುಡೆ ಒಂದು ಕಡೆ ಮೆತ್ತಗಿದೆ, ಒತ್ತಿದರೆ ಒಳಗೆ ಹೋಗುತ್ತದೆ! ಮೈ ಜುಮ್ಮೆಂದಿತು.

ಇದು ಗಿಡ್ ರೋಗ. ಡಾಕ್ಟರುಗಳು ಸೀನುರೋಸಿಸ್ ಅನ್ನುತ್ತಾರೆ. ಮಿದುಳಿನಲ್ಲಿ ನೀರು ತುಂಬಿದ ಗುಳ್ಳೆ, ಅದರ ಒಳಗೋಡೆಗೆ ನೂರಾರು ಲಾಡಿಹುಳದ ತಲೆಗಳು. ಗುಳ್ಳೆ ತಿಂಗಳುಗಟ್ಟಲೆ ಬೆಳೆಯುತ್ತದೆ, ಮಿದುಳು ಒತ್ತುತ್ತದೆ, ಕಣ್ಣು ಮಂಜಾಗುತ್ತದೆ. ಕೊನೆಗೆ ಕುರಿ ಮೇವು ಬಿಟ್ಟು ಸಾಯುತ್ತದೆ. ಬುರುಡೆಗೆ ತೂತು ಮಾಡಿ ಗುಳ್ಳೆ ತೆಗೆಯುವ ಆಪರೇಷನ್ ಇದೆ, ಬದುಕುವ ಕುರಿಗಳೂ ಇವೆ. ಆದರೆ ಊರೂರು ತಿರುಗೋ ಹಿಂಡಿಗೆ ಅದೆಲ್ಲಿ ಸಿಗಬೇಕು?

ನಾಯಿಗೆ ಲಾಡಿಹುಳದ ಮಾತ್ರೆ ಹಾಕಿ ಅಂದೆ. "ನಾಯಿಗ್ಯಾಕ ಗುಳಿಗಿ? ಅದೇನ್ ಸುತ್ತತೈತೇನು?" ಅಂತ ಅಜ್ಜ ನಕ್ಕರು. ನ್ಯಾಯವಾದ ಪ್ರಶ್ನೆ, ಅಲ್ವಾ?

ಸತ್ತ ಕುರಿಯ ತಲೆಯನ್ನು ಸುಮ್ನೆ ನಾಯಿಗೆ ಎಸೆಯುತ್ತೇವೆ. ಗುಳ್ಳೆ ಅದರ ಹೊಟ್ಟೆ ಸೇರುತ್ತದೆ. ಸುಮಾರು 6 ವಾರದಲ್ಲಿ ಕರುಳಲ್ಲಿ ಲಾಡಿಹುಳ ರೆಡಿ. ಮೊಟ್ಟೆ ಹೇಲಿನ ಜೊತೆ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ನಾಯಿ ಮಾತ್ರ ಆರಾಮಾಗಿ ಓಡಾಡಿಕೊಂಡಿರುತ್ತದೆ. ಯಾರಿಗೆ ಅನುಮಾನ ಬರುತ್ತದೆ ಹೇಳಿ?

ಸುತ್ತೋ ಕುರಿಗೆ ಕಂಡಕಂಡ ಔಷಧ ಕುಡಿಸಿ ದುಡ್ಡು ಕಳೆಯುವುದಕ್ಕಿಂತ ನಾಯಿಯ ಮಾತ್ರೆಗೆ ಖರ್ಚು ಮಾಡುವುದು ವಾಸಿ ಅಂತ ನನ್ನ ಲೆಕ್ಕ. ಪ್ರಾಜಿಕ್ವಾಂಟೆಲ್ ಮಾತ್ರೆ, ನಾಯಿಯ ತೂಕದ ಕೆಜಿಗೆ 5 ಮಿಲಿಗ್ರಾಂ. ಪಶುವೈದ್ಯರನ್ನು ಕೇಳಿ, 6 ವಾರಕ್ಕೊಮ್ಮೆ ಹಾಕಿ. ಹಿಂಡಿನಲ್ಲಿರುವ ಎಲ್ಲ ನಾಯಿಗಳಿಗೂ, ಒಂದೇ ದಿನ. ಸತ್ತ ಕುರಿಯ ತಲೆ ಸುಟ್ಟುಬಿಡಿ, ಇಲ್ಲವೇ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಮಟನ್ ಅಂಗಡಿಯವರಿಗೂ ಇದೇ ಮಾತು. ಬೀದಿನಾಯಿಯೂ ನಾಯಿಯೇ. ಅಪರೂಪಕ್ಕೆ ಈ ಗುಳ್ಳೆ ಮನುಷ್ಯರಿಗೂ ಆಗುತ್ತದೆ, ಹಾಗಾಗಿ ನಾಯಿ ಮುಟ್ಟಿದ ಕೈಯಲ್ಲಿ ರೊಟ್ಟಿ ಮುರಿಯಬೇಡಿ.

ಇನ್ನೊಂದು. ರೊಟ್ಟಿ ಬೆಲ್ಲದಲ್ಲಿ ಮಾತ್ರೆ ಮುಚ್ಚಿಟ್ಟರೆ ಬೆಲ್ಲ ನೆಕ್ಕಿ ಮಾತ್ರೆ ಉಗುಳುವ ಜಾಣ ನಾಯಿಗಳಿರುತ್ತವೆ. ನುಂಗುವವರೆಗೂ ಅಲ್ಲೇ ನಿಂತಿರಿ. ಆಮೇಲೆ 2 ದಿನ ಕಟ್ಟಿಹಾಕಿ, ಅದರ ಹೇಲನ್ನು ಗುಂಡಿಯಲ್ಲಿ ಮುಚ್ಚಿ. ಹುಳ ಹೊರಗೆ ಬೀಳುವುದು ಆಗಲೇ.